ಅಂಗಳದಿಂದ ಓದಿದ್ದು

ಮಕ್ಕಳೇ, ನಾನು ಮಾತು ಕಡಿಮೆಯವಳು. ನಿಮ್ಮ ಅಜ್ಜ ಇದ್ದಾಗಲೂ ನನ್ನ ಸ್ವರ ಅಡುಗೆಕೋಣೆ ದಾಟುತ್ತಿರಲಿಲ್ಲ. ಆದರೆ ದಿನಾ ಬೆಳಿಗ್ಗೆ ಧಣಿಗಳ ಮನೆಯಲ್ಲಿ ಗಂಟಲು ಹರಿಯುವ ಹಾಗೆ ಓದುತ್ತೇನೆ. ಅದೇ ನನ್ನ ಕೆಲಸ.

ನಮ್ಮ ಮನೆ ಇರುವುದು ಅವರ ಜಾಗದ ಮೂಲೆಯಲ್ಲಿ. ಕಾಗದಪತ್ರ ಇಲ್ಲ, ಏಳಿ ಎಂದರೆ ಏಳಬೇಕು. ಆ ಮನೆಯ ದೊಡ್ಡಮ್ಮನಿಗೆ ಕಣ್ಣು ಮಂಜಾದ ಮೇಲೆ ಪೇಪರು ಓದಲು ನನ್ನನ್ನು ಕರೆದರು, ಏಳನೇ ಕ್ಲಾಸು ಆಗಿದೆಯಲ್ಲ ಎಂದು. ಅವರು ಜಗಲಿಯ ಒಳಮೂಲೆಯ ಕುರ್ಚಿಯಲ್ಲಿ. ನಮ್ಮ ಜಾತಿಯವರು ಮೆಟ್ಟಿಲು ಹತ್ತುವ ಹಾಗಿಲ್ಲ, ಆದ್ದರಿಂದ ನಾನು ಅಂಗಳದಲ್ಲಿ. ಅವರಿಗೆ ಕಿವಿಯೂ ಮಂದ. ಕೂಗದೆ ಬೇರೆ ದಾರಿಯಿಲ್ಲ. ಅಂಗಳದ ಬದಿಯಲ್ಲಿ ನಮ್ಮ ಕಡೆಯ ಹೆಂಗಸರು ಕರಿಮೆಣಸು ಬಿಡಿಸುತ್ತಾ ಕೂತಿರುತ್ತಾರೆ.

ಹಬ್ಬದ ಮರುದಿನ ಪೇಪರು ಬರಲಿಲ್ಲ. ನನ್ನ ಚೀಲದಲ್ಲಿ ಆಲಂಕಾರು ಪೇಟೆಯ ಲೈಬ್ರೆರಿಯ ಪುಸ್ತಕವೊಂದಿತ್ತು. ನಮ್ಮಂಥವಳೇ ಒಬ್ಬಳು ತನ್ನ ಬದುಕನ್ನು ಬರೆದದ್ದು.

"ಎಂತದಾದರೂ ಓದು ಮಾರಾಯ್ತಿ, ಹೊತ್ತು ಹೋಗುದಿಲ್ಲ" ಎಂದರು ದೊಡ್ಡಮ್ಮ.

ಅದನ್ನೇ ಓದಿದೆ. ಶಾಲೆಗೆ ಹೊರಟ ಹುಡುಗಿಯಿಂದ ಧಣಿಗಳು ಕಟ್ಟಿಗೆ ಹೊರಿಸುತ್ತಾರೆ, ತಡವಾಯಿತೆಂದು ಮೇಷ್ಟ್ರು ಹೊರಗೆ ನಿಲ್ಲಿಸುತ್ತಾರೆ, ಆ ಪುಟ. ಮೆಣಸು ಬಿಡಿಸುವ ಕೈಗಳು ನಿಂತವು.

"ಅದರಲ್ಲಿ ನಮ್ಮ ಮನೆಯ ಹೆಸರು ಉಂಟಾ?" ದೊಡ್ಡಮ್ಮ ಕೇಳಿದರು.

"ಇಲ್ಲಮ್ಮ, ಬೇರೆ ಊರಿನದ್ದು."

"ಮತ್ತೆ ಊರಿಗೆಲ್ಲ ಕೇಳುವ ಹಾಗೆ ಯಾಕೆ ಓದುದು? ಮೆಲ್ಲ ಓದು."

"ಮೆಲ್ಲ ಓದಿದರೆ ನಿಮಗೆ ಕೇಳುದಿಲ್ಲ ಅಮ್ಮ."

ಅವರು ಹೆಂಗಸರು ಕೂತ ಕಡೆ ಮುಖ ತಿರುಗಿಸಿದರು. "ಹಾಗಾದರೆ ಮೇಲೆ ಬಾ. ಬಾಗಿಲ ಹತ್ತಿರ ಬರಬೇಡ, ಇಲ್ಲಿ ಕುರ್ಚಿಯ ಎದುರು ನೆಲದಲ್ಲಿ ಕೂತ್ಕೊ."

ಮದುವೆಯಾಗಿ ಈ ಊರಿಗೆ ಬಂದ ಮೇಲೆ ಮೊದಲ ಸಲ ಆ ಜಗಲಿಯಲ್ಲಿ ಕೂತೆ. ಕೆಂಪು ನೆಲ ತಣ್ಣಗಿತ್ತು. ಅಂಗಳಕ್ಕೆ ಕೇಳಿಸದಷ್ಟು ಸಣ್ಣ ಸ್ವರ ಬಂತು.

ಇಳಿದು ಬರುವಾಗ ಮೆಣಸಿನ ಹೆಂಗಸರಲ್ಲಿ ಒಬ್ಬಳು, "ಮೇಲೆ ಹೋದ ಕೂಡಲೇ ಅಕ್ಕನ ಸ್ವರ ಬಿದ್ದೇ ಹೋಯ್ತು" ಎಂದಳು. ಎಲ್ಲರೂ ನಕ್ಕರು. ಮತ್ತೆ ಅವಳೇ ಕೇಳಿದಳು, "ಆ ಹುಡುಗಿಗೆ ಆಮೇಲೆ ಎಂತಾಯ್ತು?"

ಮರುದಿನ ಪೇಪರು ಬಂದಿತ್ತು. "ಅದು ಆಮೇಲೆ. ಪುಸ್ತಕ ತೆಗೆ, ಮೇಲೆ ಬಾ" ಎಂದರು ದೊಡ್ಡಮ್ಮ.

"ಇಲ್ಲೇ ನಿಲ್ತೇನೆ ಅಮ್ಮ."

"ಎಂತಕ್ಕೆ?"

ನಾನು ಪುಸ್ತಕ ತೆಗೆದು ಮೆಣಸಿನ ಹೆಂಗಸರ ಕಡೆ ತಿರುಗಿದೆ. ಹಿಂದಿನ ದಿನ ಜಗಲಿಯಲ್ಲಿ ಮೆಲ್ಲ ಓದಿದ್ದನ್ನೇ ಅಂಗಳದಲ್ಲಿ ನಿಂತು ಮೊದಲಿನಿಂದ ಕೂಗಿ ಓದಿದೆ. ಅವರು ತಡೆಯಲಿಲ್ಲ. ಅವರ ಮಗ ಬಾಗಿಲಿಗೆ ಬಂದು ನಿಂತರು. ನನ್ನನ್ನು ನೋಡಿದರು, ಆಮೇಲೆ ಮೂಲೆಯಲ್ಲಿರುವ ನಮ್ಮ ಮನೆಯ ಕಡೆ ನೋಡಿದರು. ನನಗೆ ಅರ್ಥವಾಯಿತು. ಆದರೂ ಆ ಪುಟ ಮುಗಿಸಿಯೇ ಪುಸ್ತಕ ಮುಚ್ಚಿದೆ.

ಈಗ ಮತ್ತೆ ಪೇಪರು, ಅಂಗಳದಿಂದ. ಪುಸ್ತಕವನ್ನು ಇನ್ನೂ ಲೈಬ್ರೆರಿಗೆ ವಾಪಸು ಕೊಟ್ಟಿಲ್ಲ. ಉಳಿದದ್ದು ಯಾವಾಗ ಎಂದು ಹೆಂಗಸರು ದಿನಾ ಕೇಳುತ್ತಾರೆ.