ಉಸಿರಿನ ಕೋಣೆಯಲ್ಲಿ ಚಿಕ್ಕಮ್ಮನ ಅಪಸ್ವರ

ನನ್ನ ಚಿಕ್ಕಮ್ಮನ ಕೆಲಸ ಜನರ ಉಸಿರು ಅಳೆಯುವುದು. ಆಸ್ಪತ್ರೆಯ ಮೂಲೆಯ ಕೋಣೆ, ಒಂದು ಕುರ್ಚಿ, ಕಂಪ್ಯೂಟರ್, ಅದಕ್ಕೆ ಜೋಡಿಸಿದ ಊದುವ ಕೊಳವೆ, ಮೂಗಿಗೊಂದು ಕ್ಲಿಪ್ಪು. ದಿನವಿಡೀ "ಊದಿ, ಊದಿ, ಇನ್ನೂ ಊದಿ" ಎಂದು ಕೂಗಿ ಕೂಗಿ, ಮನೆಯಲ್ಲಿ ಚಿಕ್ಕಪ್ಪ ಬಿಸಿ ಟೀ ಊದಿ ಆರಿಸಿಕೊಳ್ಳುತ್ತಿದ್ದರೂ ಅವಳ ಬಾಯಲ್ಲಿ ಅದೇ ಬರುತ್ತದೆ.

ಕಾಲೇಜಿನಲ್ಲಿ ಶ್ವಾಸಕೋಶದ ಪಾಠ ಮುಗಿದದ್ದೇ ತಡ, ನಾನು ಅವಳ ಕೋಣೆಗೆ ಓಡಿದೆ. ಕುರ್ಚಿಯಲ್ಲಿ ಶಾಲೆಯೊಂದರ ಹಾಡಿನ ಮೇಷ್ಟ್ರು ಕೂತಿದ್ದರು. ಅವರಿಗೆ ನ್ಯುಮೋನಿಯಾ ಬಂದು ವಾಸಿಯಾಗಿತ್ತು. ಈ ಪರೀಕ್ಷೆ ಸರಿಯಾಗಿ ಬಂದರೆ ಮಾತ್ರ ಡಾಕ್ಟರು ಅವರನ್ನು ಮತ್ತೆ ಹಾಡಿನ ಕ್ಲಾಸಿಗೆ ಬಿಡುವವರಿದ್ದರು.

ಮೇಷ್ಟ್ರು ಊದಿದರು. ಎಷ್ಟು ಚೆಂದ ಎಂದರೆ, ಒಂದೇ ಸಮನೆ, ನೂಲು ತೆಗೆದ ಹಾಗೆ. ಪರದೆಯ ಮೇಲೆ ಮಾತ್ರ ಚೂಪು ಶಿಖರ ಏಳಬೇಕಾದಲ್ಲಿ ಒಂದು ಸಪ್ಪೆ ದಿಬ್ಬ. ಒಟ್ಟು ಗಾಳಿಯೇನೋ ಧಾರಾಳವಾಗಿತ್ತು. ಆದರೆ ಅದರ ಮುಕ್ಕಾಲು ಪಾಲಾದರೂ ಮೊದಲ ಸೆಕೆಂಡಿನಲ್ಲೇ ನುಗ್ಗಿ ಬರಬೇಕು. ಇಲ್ಲದಿದ್ದರೆ ಎದೆಯೊಳಗಿನ ಗಾಳಿದಾರಿ ಕಟ್ಟಿಕೊಂಡ ಹಾಗೆ ಕಾಣುತ್ತದೆ.

"ಮೇಷ್ಟ್ರೇ, ಚಮಚದಲ್ಲಿ ಬಡಿಸ್ತಿದ್ದೀರಲ್ಲ. ಪಾತ್ರೇನೇ ಬಗ್ಗಿಸಿ," ಎಂದಳು ಚಿಕ್ಕಮ್ಮ.

"ಇಷ್ಟು ವರ್ಷ ಉಸಿರು ಉಳಿಸೋದನ್ನೇ ಕಲಿಸಿದ್ದೀನಿ ಕಣಮ್ಮ. ದುಂದು ಮಾಡು ಅಂದ್ರೆ ಮನಸ್ಸೇ ಬರಲ್ಲ."

ಮತ್ತೆ ಊದಿದರು. ಮತ್ತೆ ದಿಬ್ಬ. ಮೇಷ್ಟ್ರ ಮುಖ ಸಣ್ಣದಾಯಿತು. "ಮಕ್ಕಳು ನನ್ನ ಮರೆತೇಬಿಡ್ತಾರೆ," ಎಂದರು.

ಚಿಕ್ಕಮ್ಮ ಗಂಟಲು ಸರಿಮಾಡಿಕೊಂಡು ಹಾಡಲು ಶುರುಮಾಡಿದಳು. ಅಯ್ಯೋ, ಆ ಹಾಡು. ಅವಳು ಹಾಡಿದರೆ ನಮ್ಮ ಮನೆಯ ಬೆಕ್ಕೂ ಎದ್ದು ಹೋಗುತ್ತದೆ. ಮೇಷ್ಟ್ರ ಕಿವಿ ಕೆಂಪಾಯಿತು. ಬೈಯಲೆಂದು ಎದೆ ತುಂಬ ಉಸಿರೆಳೆದರು. ಅಷ್ಟರಲ್ಲಿ ಚಿಕ್ಕಮ್ಮ ಕೊಳವೆಯನ್ನು ಅವರ ಬಾಯಿಗಿಟ್ಟಾಗಿತ್ತು.

"ಬೈಗುಳ ಎಲ್ಲಾ ಇದರೊಳಗೆ. ಊದಿ, ಊದಿ, ಇನ್ನೂ ಊದಿ."

ಶಿಖರ ಎದ್ದಿತು, ಸೂಜಿಯ ಹಾಗೆ. ಆದರೆ ಮೂರು ಸಲ ಒಂದೇ ತರಹ ಬಂದರೇನೇ ಲೆಕ್ಕ. ಹಾಗಾಗಿ ಚಿಕ್ಕಮ್ಮ ಇನ್ನೆರಡು ಸಲ ಹಾಡಿದಳು, ಮೊದಲಿಗಿಂತ ಕೆಟ್ಟದಾಗಿ. ನರ್ಸೊಬ್ಬರು ಬಾಗಿಲು ಸರಿಸಿ, "ಇಲ್ಲಿ ಯಾರಿಗೇನಾಯ್ತು?" ಎಂದು ಕೇಳಿ ಹೋದರು.

ಡಾಕ್ಟರು ಬಂದು ಪರದೆ ನೋಡಿದರು. "ಸೋಮವಾರದಿಂದ ಶಾಲೆಗೆ ಹೋಗಿ ಮೇಷ್ಟ್ರೇ."

ಮೂಗಿನ ಕ್ಲಿಪ್ಪು ತೆಗೆಯುವುದನ್ನೂ ಮರೆತು ಮೇಷ್ಟ್ರು ನಕ್ಕರು. "ಒಂದು ಚೂರೂ ಉಸಿರು ಉಳಿದಿಲ್ಲಮ್ಮ."

ನನಗೆ ತಡೆಯಲಾಗಲಿಲ್ಲ. "ಇದೆ ಸಾರ್. ಎಷ್ಟೇ ಊದಿದ್ರೂ ಒಂದು ಲೀಟರಿನಷ್ಟು ಗಾಳಿ ಒಳಗೇ ಇರುತ್ತೆ. ಅದನ್ನ ಯಾರೂ ಹೊರಗೆ ಹಾಕಕ್ಕಾಗಲ್ಲ."

"ಒಳ್ಳೇದಾಯ್ತು," ಎಂದರು ಮೇಷ್ಟ್ರು. "ನಿಮ್ಮ ಚಿಕ್ಕಮ್ಮ ನಾಲ್ಕನೇ ಸಲ ಹಾಡಿದ್ರೆ ಬೇಕಾಗುತ್ತೆ."