ಅಕ್ಕ ಮುಚ್ಚಿಕೊಟ್ಟ ಸಂದಿಗಳು

ಕಳೆದ ವಾರ ನಮ್ಮ ಮೈಸೂರಿನ ಮನೆಯ ಕಿಟಕಿ ರಿಪೇರಿಗೆ ಬಂದವನು ಚೌಕಟ್ಟಿನ ಸುತ್ತ ಸಂದಿ ಮುಚ್ಚುವ ಸಿಲಿಕಾನ್ ಅಂಟು ಹಚ್ಚಿ ಹೋದ. ಮನೆಯೆಲ್ಲ ಹುಳಿ ವಾಸನೆ, ವಿನಿಗರ್ ಬಾಟಲಿ ಒಡೆದ ಹಾಗೆ. ಅವತ್ತು ನನಗೆ ಊಟ ಸೇರಲಿಲ್ಲ. ಅದು ಬನಿಯಾಸಿನ ವಾಸನೆ... ಅಕ್ಕನ ಬೆರಳುಗಳ ವಾಸನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಅಬುಧಾಬಿ ಪೇಟೆಯ ಬಾಡಿಗೆ ನಮ್ಮ ಕೈಗೆಟುಕದೆ ಊರ ಹೊರಗಿನ ಬನಿಯಾಸಿನಲ್ಲಿ ಒಂದು ಹಳೆಯ ವಿಲ್ಲಾದ ಅರ್ಧ ಭಾಗ ಹಿಡಿದಿದ್ದೆವು. ಇನ್ನರ್ಧದಲ್ಲಿ ನಾನು ಅಕ್ಕ ಅಂತ ಕರೆಯುತ್ತಿದ್ದವರು ಇದ್ದರು. ಉಡುಪಿ ಕಡೆಯವರು, ಆಸ್ಪತ್ರೆಯಲ್ಲಿ ನರ್ಸ್. ಗಂಡನಿಗೆ ದುಬೈಯಲ್ಲಿ ಗೋದಾಮಿನ ಕೆಲಸ, ಮನೆಗೆ ಬರುತ್ತಿದ್ದದ್ದು ಶುಕ್ರವಾರ ಮಾತ್ರ. ಮಕ್ಕಳಿರಲಿಲ್ಲ. ನನ್ನ ಮಗ ಅವರನ್ನು ದೊಡ್ಡಮ್ಮ ಅನ್ನುತ್ತಿದ್ದ. ಹಾಗೆ ಕರೆಯಲು ಯಾರೂ ಹೇಳಿಕೊಟ್ಟಿರಲಿಲ್ಲ.

ಮರಳುಗಾಡಿನಲ್ಲಿ ಎಂಥ ಚಳಿಗಾಲ ಅಂತ ಮೊದಲ ವರ್ಷ ನಾನು ನಕ್ಕಿದ್ದೆ. ಜನವರಿಯ ಒಂದು ಬೆಳಗಿನ ಜಾವ ಗಾಳಿ ಎದ್ದು ಮಳೆ ಹೊಡೆಯಿತು. ಮಹಡಿಯ ನೀರು ಹೋಗುವ ಕೊಳವೆಯಲ್ಲಿ ಮರಳು, ಪಾರಿವಾಳದ ಗರಿ ತುಂಬಿಕೊಂಡು ನೀರು ಒಳಗೇ ಇಳಿಯಿತು. ಕಿಟಕಿಯ ಏಸಿ ಸುತ್ತಲಿನ ಸಂದಿಯಿಂದಲೂ ಎರಚಲು. ಮಗನ ಹಾಸಿಗೆ ಒದ್ದೆಯಾಗಿ, ಅವನಿಗೆ ಉಬ್ಬಸ ಶುರುವಾಯಿತು. ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದ ಅಕ್ಕ ಬಟ್ಟೆ ಕೂಡ ಬದಲಿಸದೆ ಅವನನ್ನೆತ್ತಿಕೊಂಡು ತಿರುಗಿ ಆಸ್ಪತ್ರೆಗೇ ಓಡಿದರು. ಅವತ್ತಿನಿಂದ ಅವರು ನನಗೆ ನೆರೆಯವರಲ್ಲ, ಒಡಹುಟ್ಟಿದವರು.

ಮುಂದಿನ ವರ್ಷ ನವೆಂಬರಿನಲ್ಲೇ ಅವರು ನನ್ನನ್ನು ಎಬ್ಬಿಸಿದರು. “ಇಲ್ಲಿಯ ಚಳಿಗೆ ಸಂದಿ ಸಿಕ್ಕಿದ್ರೆ ಸಾಕು ಮಾರಾಯ್ತಿ. ಬಾ, ಮುಚ್ಚುವ.” ಏಸಿಯ ಸುತ್ತ ಸ್ಪಂಜು ತುರುಕಿ, ಮೇಲೆ ಸಿಲಿಕಾನ್ ಎಳೆದು, ಹೊರಗಿನಿಂದ ಪ್ಲಾಸ್ಟಿಕ್ ಹೊದಿಸುವುದು, ಬಾಗಿಲ ಕೆಳಗೆ ರಬ್ಬರ್ ಪಟ್ಟಿ ಹೊಡೆಯುವುದು, ದಪ್ಪ ಕಂಬಳಿಗಳನ್ನು ಮಹಡಿಯ ಬಿಸಿಲಿಗೆ ಹರವುವುದು... ಎಲ್ಲ ಅವರಿಂದ ಕಲಿತೆ. ಆ ಚಳಿಗಾಲ ಮಗ ಒಮ್ಮೆಯೂ ಉಬ್ಬಸಪಡಲಿಲ್ಲ.

ಮೂರನೆಯ ವರ್ಷ ಮಹಡಿಯ ಬಿರುಕುಗಳನ್ನೇ ಪೂರ್ತಿ ಸರಿಮಾಡಿಬಿಡೋಣ ಅಂದುಕೊಂಡೆವು. ಮಗ ಶಾಲೆಗೆ ಸೇರಿದ್ದ, ಬಸ್ಸು ಮನೆಯ ಮುಂದೆಯೇ ಬರುತ್ತಿತ್ತು. ಇನ್ನೂ ಕೆಲವು ವರ್ಷ ಅಲ್ಲೇ ಇರುವ ಆಸೆ. ಮನೆ ಮಾಲೀಕ ವಯಸ್ಸಾದ ಅರಬ, ಅರಬ್ಬಿ ಬಿಟ್ಟು ಬೇರೆ ಭಾಷೆ ಬಾರದು. ನಮಗೆ ಯಲ್ಲಾ, ಖಲಾಸ್ ಬಿಟ್ಟರೆ ಅರಬ್ಬಿ ಬಾರದು. ರೋಗಿಗಳ ಜೊತೆ ಮಾತಾಡಿ ಮಾತಾಡಿ ಅಕ್ಕನಿಗೆ ಅರಬ್ಬಿ ನೀರು ಕುಡಿದಷ್ಟು ಸಲೀಸು. ನಮ್ಮ ಪರವಾಗಿ ಮಾತಾಡುತ್ತಿದ್ದವರು ಯಾವಾಗಲೂ ಅವರೇ.

ರಿಪೇರಿಗೆ ಒಪ್ಪಿಗೆ ಕೇಳಿದ ದಿನವೂ ಅಂಗಳದಲ್ಲಿ ನಿಂತು ಅಕ್ಕ ಬಹಳ ಹೊತ್ತು ಮಾತಾಡಿದರು. ಮುದುಕ ನಮ್ಮ ಕಡೆ ನೋಡಿ ತಲೆಯಾಡಿಸಿದ. ನಾನೂ ನನ್ನ ಗಂಡನೂ ನಗುತ್ತಾ ನಿಂತಿದ್ದೆವು.

“ಏನಂದ್ರು ಅಕ್ಕ?”

“ಒಳ್ಳೇದಾಯ್ತು ಅಂದ್ರು. ರಿಪೇರಿ ಮಾಡ್ಲಿಕ್ಕೆ ಅಡ್ಡಿಯಿಲ್ಲವಂತೆ.”

ಅಲ್ಲಿಂದ ಪ್ರತಿ ಶುಕ್ರವಾರ ನನ್ನ ಗಂಡ ಮಹಡಿಯಲ್ಲಿ ಮಂಡಿಯೂರಿ ಬಿರುಕಿಗೆ ಸಿಮೆಂಟು ಮೆತ್ತಿ, ಮೇಲೆ ನೀರು ಒಳಗಿಳಿಯದ ಬಿಳಿ ಬಣ್ಣ ಬಳಿದರು. ಅಕ್ಕ ಏಣಿ ಹಿಡಿದರು, ನೀರ್‌ದೋಸೆ ಮಾಡಿ ತಂದರು. ನಮ್ಮ ಕೋಣೆಗಳಲ್ಲಿ ನಾನು ಬಿಟ್ಟ ಸಂದಿಗಳನ್ನೆಲ್ಲ ಹುಡುಕಿ ಹುಡುಕಿ ಬೆರಳಿನಿಂದಲೇ ಸಿಲಿಕಾನ್ ಒತ್ತಿದರು. “ಇಲ್ಲಿ ಮಗು ಮಲಗುವುದಲ್ವಾ, ಇದು ಗಟ್ಟಿ ಇರ್ಲಿ” ಅಂದದ್ದು ನೆನಪಿದೆ.

ಮಳೆ ಬಂತು. ಒಂದು ಹನಿಯೂ ಒಳಗೆ ಬರಲಿಲ್ಲ. ನಾವು ಗೋಡೆ ಮುಟ್ಟಿ ಮುಟ್ಟಿ ನೋಡಿ ಹಿಗ್ಗಿದೆವು. ಅದೇ ವಾರ ಮನೆ ಮಾಲೀಕ ಹಿಂದಿ ಬಲ್ಲ ಡ್ರೈವರನ ಜೊತೆ ಬಂದ. ಅಕ್ಕ ಡ್ಯೂಟಿಯಲ್ಲಿದ್ದರು. ಡ್ರೈವರ್ ಕೇಳಿದ, “ಯಾವಾಗ ಖಾಲಿ ಮಾಡುತ್ತೀರಿ ಅಂತ ಬಾಬಾ ಕೇಳುತ್ತಿದ್ದಾರೆ.”

ನಾವು ಎಲ್ಲಿಗೂ ಹೋಗುತ್ತಿಲ್ಲವಲ್ಲ ಅಂದೆ. ಮುದುಕನಿಗೂ ಗಲಿಬಿಲಿಯಾಯಿತು. ಡ್ರೈವರ್ ಬಿಡಿಸಿ ಹೇಳಿದ. ಚಳಿ ಮುಗಿಯುವಷ್ಟರಲ್ಲಿ ನಾವು ಬಿಡುತ್ತೇವೆ, ಹೋಗುವ ಮುಂಚೆ ಮನೆ ಸರಿಮಾಡಿ ಕೊಡುತ್ತೇವೆ ಅಂತ ಅಕ್ಕ ಹೇಳಿದ್ದರಂತೆ. ಆಮೇಲೆ ನಮ್ಮ ಭಾಗವನ್ನು ತಮ್ಮ ತಂಗಿಯ ಸಂಸಾರಕ್ಕೆ ಕೇಳಿದ್ದರಂತೆ. ಮುದುಕ ಒಪ್ಪಿ ಮಾತು ಕೊಟ್ಟಿದ್ದ. ಕೊಟ್ಟ ಮಾತು ತಿರುಗಿಸುವ ಜಾತಿಯಲ್ಲ ಆತ.

ಸಂಜೆ ಅಕ್ಕ ಬರುವವರೆಗೆ ಬಾಗಿಲಲ್ಲೇ ಕಾದೆ. ಸುಳ್ಳು ಅಂತ ಅವರೊಂದು ಮಾತು ಅಂದಿದ್ದರೆ ನಂಬಿಬಿಡುತ್ತಿದ್ದೆನೇನೋ... ಅವರು ಚೀಲ ಕೆಳಗಿಟ್ಟರು.

“ಗೊತ್ತಾಯ್ತಾ?” ಅಂದರು. “ನನ್ನ ತಂಗಿಗೆ ಬೇರೆ ದಾರಿ ಇರ್ಲಿಲ್ಲ. ಮೂರು ಮಕ್ಕಳು. ನೀವು ಎಲ್ಲಿಯಾದ್ರೂ ಬದುಕ್ತೀರಿ.”

“ನಮಗೆ ಹೇಳಬಹುದಿತ್ತಲ್ಲ ಅಕ್ಕ.”

“ಹೇಳಿದ್ರೆ ನೀವು ಬಿಡ್ತಿದ್ರಾ?”

“ಹಾಗಿದ್ರೆ ನನ್ನ ಮಗು ಮಲಗೋ ಜಾಗ ಗಟ್ಟಿಯಿರಲಿ ಅಂತ ಯಾಕೆ ಅಂದ್ರಿ?”

ಅವರು ಚೀಲ ಎತ್ತಿಕೊಂಡರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಗೋಡೆಯ ಆಚೆ ಅವರು ಪಾತ್ರೆ ತೊಳೆಯುವ ಸದ್ದು ಎಂದಿನಂತೆಯೇ ಕೇಳುತ್ತಿತ್ತು.

ನಾವು ಪೇಟೆಯ ಖಾಲಿದಿಯಾದಲ್ಲಿ ಇನ್ನೊಂದು ಕುಟುಂಬದ ಫ್ಲ್ಯಾಟಿನ ಒಂದೇ ಕೋಣೆಗೆ ಬಂದೆವು. ಮಗನ ಶಾಲೆ ಬದಲಾಯಿತು. ಬನಿಯಾಸಿನಿಂದ ಹೊರಡುವ ದಿನ ಸಾಮಾನು ಹೇರುವಾಗ ಅವನು ಅಕ್ಕನ ಬಾಗಿಲು ತಟ್ಟಿದ. ಒಳಗೆ ದೀಪವಿತ್ತು, ಬಾಗಿಲು ತೆರೆಯಲಿಲ್ಲ. ದೊಡ್ಡಮ್ಮ ಮಲಗಿದ್ದಾರೆ ಅಂತ ಹೇಳಿ ಅವನ ಕೈಹಿಡಿದು ಕರೆದುಕೊಂಡು ಬಂದೆ.

ಅವನಿಗೆ ಈಗ ತನ್ನದೇ ಮಗುವಿದೆ. ಮೊನ್ನೆ ಫೋನಿನಲ್ಲಿ ಮಗುವಿಗೆ ಉಬ್ಬಸ ಅಂದ. ಮಾತಿನ ನಡುವೆ, “ಅಮ್ಮಾ, ಬನಿಯಾಸಿನ ದೊಡ್ಡಮ್ಮ ನನ್ನನ್ನ ಎತ್ತಿಕೊಂಡು ಓಡಿದ್ರಲ್ಲ, ಈಗ ಎಲ್ಲಿದ್ದಾರೆ?” ಅಂತ ಕೇಳಿದ. ಗೊತ್ತಿಲ್ಲಪ್ಪ ಅಂದೆ. ತುಂಬ ಒಳ್ಳೆಯವರು ಅಂದ. ಹೌದು ಅಂದೆ.

ಅದು ಸುಳ್ಳಲ್ಲ. ಆದರೆ ಆ ಹೌದನ್ನು ಬಾಯಿಂದ ಹೊರಡಿಸಲು ಇಷ್ಟು ವರ್ಷಗಳ ಮೇಲೂ ನನಗೆ ಕಷ್ಟವಾಯಿತು. ಅವರು ಮನೆಯನ್ನಷ್ಟೇ ತೆಗೆದುಕೊಂಡಿದ್ದರೆ ಮರೆಯುತ್ತಿದ್ದೆ. ನನಗೆ ಒಬ್ಬರೇ ಅಕ್ಕ ಇದ್ದದ್ದು.