ಕಣ್ಣು ಮುಚ್ಚಿ ಬೈಯುವವರ ನಡುವೆ

ಮುಂಬಯಿಯ ಬೊರಿವಲಿಗೆ ಬಂದ ಮೊದಲ ಶುಕ್ರವಾರವೇ ನನ್ನ ಸ್ನಾನದ ವಿಷಯ ದೇವರ ಸನ್ನಿಧಿಗೆ ಹೋಯಿತು. ಸಂಜೆಯ ಪ್ರಾರ್ಥನಾ ಕೂಟದಲ್ಲಿ ನಮ್ಮ ಮನೆಯೊಡತಿ ಎಸ್ತೇರ್ ಆಂಟಿ ಕಣ್ಣು ಮುಚ್ಚಿ, "ಕರ್ತನೇ, ಈ ಮನೆಗೆ ಹೊಸದಾಗಿ ಬಂದ ಮಗಳಿಗೆ ನೀರಿನ ಬೆಲೆ ತಿಳಿಸಿಕೊಡು" ಎಂದರು. ಎಲ್ಲರೂ ಆಮೆನ್ ಎಂದರು. ನಾನೂ ಅನ್ನಬೇಕಾಯಿತು.

ಧಾರವಾಡದಲ್ಲಿ ಹೀಗಿಲ್ಲ. ನಮ್ಮ ಚರ್ಚಿನಲ್ಲಿ ಪಾದ್ರಿ ಅಯ್ಯನವರೊಬ್ಬರೇ ಗಟ್ಟಿಯಾಗಿ ಪ್ರಾರ್ಥಿಸುತ್ತಾರೆ. ಉಳಿದವರ ಪ್ರಾರ್ಥನೆ ಅವರವರೊಳಗೇ ಇರುತ್ತದೆ. ಬೈಯಬೇಕಾದವರು ಹಿತ್ತಲಿಗೆ ಕರೆದು, ಕಣ್ಣು ತೆರೆದೇ ಬೈಯುತ್ತಾರೆ. ಇಲ್ಲಿ ಒಬ್ಬೊಬ್ಬರೂ ಸರದಿಯಂತೆ ಬಾಯಿಬಿಟ್ಟು ಪ್ರಾರ್ಥಿಸಬೇಕು. ಒಬ್ಬರ ಪ್ರಾರ್ಥನೆಯ ನಡುವೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಆದ್ದರಿಂದ ಸೊಸೆಯ ಸೋಮಾರಿತನ, ಮೈದುನನ ಕುಡಿತ, ಎದುರುಮನೆಯವರ ರೇಡಿಯೋ ಎಲ್ಲಕ್ಕೂ ದೇವರೇ ಟಪಾಲಿನವನು. 'ನಿರೀಕ್ಷೆ' ಎಂದರೆ ಗಲ್ಫ್ ವೀಸಾ. 'ಧೈರ್ಯ' ಎಂದರೆ ಮಗನ ಇಂಟರ್‌ವ್ಯೂ. ನನ್ನ ಸರದಿ ಬಂದಾಗ ಪಕ್ಕದವರ ಮೊಣಕೈ ಮುಟ್ಟಿ ದಾಟಿಸಿಬಿಡುತ್ತಿದ್ದೆ. ಓದಿದ ಹುಡುಗಿಗೆ ದೇವರ ಹತ್ತಿರ ಮಾತಾಡಲು ಬಾರದಲ್ಲ ಎಂದು ಅವರು ಮರುಗುತ್ತಿದ್ದರು. ಅಂಥ ದೇವರ ಹತ್ತಿರ ಆಡುವ ಮಾತು ನನ್ನಲ್ಲಿರಲಿಲ್ಲ.

ಮನೆ ಬದಲಾಯಿಸುವ ಹಾಗೂ ಇರಲಿಲ್ಲ. ವಿಲೆ ಪಾರ್ಲೆಯ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ನನ್ನ ಕೆಲಸ. ಆ ಸಂಬಳಕ್ಕೆ ಸಿಗುವುದು 'ಕಾಟ್ ಬೇಸಿಸ್'. ಅಂದರೆ ಮನೆಯೂ ಅಲ್ಲ, ಕೋಣೆಯೂ ಅಲ್ಲ, ಬರೀ ಮಂಚ. ಧಾರವಾಡದಲ್ಲಿ ಮಂಚವನ್ನು ಬಾಡಿಗೆಗೆ ಕೊಡುತ್ತಾರೆಂದರೆ ಜನ ನಕ್ಕಾರು. ಪಕ್ಕದ ಮಂಚ ಔರಂಗಾಬಾದಿನ ನಸೀಮಾಳದು. ಬ್ಯಾಂಕಿನ ನೌಕರಿ, ಕಡಿಮೆ ಮಾತು. ನಾವಿಬ್ಬರೂ ಒಬ್ಬರನ್ನೊಬ್ಬರು ಏನೂ ಕೇಳುತ್ತಿರಲಿಲ್ಲ. ಈ ಊರಿನಲ್ಲಿ ನನಗೆ ಸಿಕ್ಕ ಮೊದಲ ಸುಖ ಅದು.

ತೊಂಬತ್ತಮೂರರ ಜನವರಿಯಲ್ಲಿ ಹಿಂದೂ-ಮುಸ್ಲಿಂ ಗಲಭೆಗೆ ಮುಂಬಯಿ ಹೊತ್ತಿಕೊಂಡಿತು. ಲೋಕಲ್‌ ರೈಲುಗಳು ಖಾಲಿ ಓಡಿದವು, ಟೆರೇಸಿನಿಂದ ಹೊಗೆ ಕಾಣಿಸಿತು. ಬಿಲ್ಡಿಂಗಿನ ಸೆಕ್ರೆಟರಿ ಬಂದು, ನಿಮ್ಮಲ್ಲಿ ಯಾರ್ಯಾರಿದ್ದಾರೆ, ನಾಳೆ ಮತ್ತೆ ಬರುತ್ತೇನೆ, ಯೋಚಿಸಿಡಿ ಎಂದು ಹೇಳಿಹೋದ. ಹೊರಗೆ ಹೋದರೆ ನಸೀಮಾ ಸ್ಟೇಷನ್ ತಲುಪುವುದೂ ಅನುಮಾನ. ಅದು ಆಂಟಿಗೂ ಗೊತ್ತಿತ್ತು. ಹೋಗು ಎಂದು ಅವಳ ಮುಖ ನೋಡಿ ಹೇಳಲು ಮಾತ್ರ ಅವರಿಗೆ ಧೈರ್ಯವಿರಲಿಲ್ಲ. ಅದಕ್ಕೇ ಅಂದು ಸಂಜೆ ಶುಕ್ರವಾರದ ಕೂಟ ಇತ್ತಲ್ಲ.

ಬಿಲ್ಡಿಂಗಿನೊಳಗಿನವರಷ್ಟೇ ಕೂಟಕ್ಕೆ ಬಂದಿದ್ದರು. ಕನ್ನಡ ಬಾರದ ನಸೀಮಾ ಒಳಗೆ ತನ್ನ ಮಂಚದ ಮೇಲಿದ್ದಳು. ಅವಳಿಗೆ ಮಾತು ಮುಟ್ಟಿಸಬೇಕಾದವಳು ನಾನು. ಆಂಟಿ ಕಣ್ಣು ಮುಚ್ಚಿದರು. "ಕರ್ತನೇ, ನಮ್ಮ ನಡುವೆ ಪರರ ಮಗಳೊಬ್ಬಳಿದ್ದಾಳೆ. ನಸೀಮಾಳನ್ನು ಅವಳ ಸ್ವಂತ ಜನರ ಬಳಿಗೆ ಸುರಕ್ಷಿತವಾಗಿ ನಡೆಸು. ನಾಳೆ ಬೆಳಿಗ್ಗೆಯೇ ನಡೆಸು."

ತಾನು ದಬ್ಬಬೇಕಾದವಳನ್ನು ದೇವರ ಕೈಯಿಂದ ದಬ್ಬಿಸುವ ಈ ಜಾಣತನ ಕಂಡು ನನಗೆ ಅಸಹ್ಯವಾಯಿತು. ಸರದಿ ನನ್ನ ಹತ್ತಿರ ಬಂತು. ಪಕ್ಕದವರು ತಾವಾಗಿಯೇ ಮೊಣಕೈ ಮುಂದೆ ಮಾಡಿದರು. ನಾನು ಮುಟ್ಟಲಿಲ್ಲ.

"ಕರ್ತನೇ, ಈ ಮನೆಗೆ ಧೈರ್ಯ ಕೊಟ್ಟಿದ್ದಕ್ಕೆ ಸ್ತೋತ್ರ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಗಲಾಟೆ ಮುಗಿಯುವವರೆಗೆ ನಸೀಮಾ ಇಲ್ಲೇ ಇರಲಿ ಎಂಬ ಮನಸ್ಸನ್ನು ಎಸ್ತೇರ್ ಆಂಟಿಗೆ ಕೊಟ್ಟಿದ್ದಕ್ಕೆ ಸ್ತೋತ್ರ. ಸೆಕ್ರೆಟರಿ ಬಂದಾಗ ಆಡಬೇಕಾದ ಮಾತನ್ನೂ ನೀನೇ ಅವರ ಬಾಯಲ್ಲಿಡು."

ಯಾರೂ ನಡುವೆ ಬಾಯಿ ಹಾಕುವಂತಿರಲಿಲ್ಲ. ಆಂಟಿಯ ಗಂಡ, ಪ್ರತಿ ಕೂಟದಲ್ಲೂ ತೂಕಡಿಸುವ ಅಂಕಲ್, ಅಭ್ಯಾಸಬಲದಿಂದ ಎಲ್ಲರಿಗಿಂತ ಮೊದಲು ಆಮೆನ್ ಎಂದರು. ಉಳಿದವರೂ ಅಂದರು. ಕೊನೆಗೆ, ಬಹಳ ತಡವಾಗಿ, ಆಂಟಿ ಅಂದರು.

ತನ್ನ ಹೆಸರು ಎರಡು ಸಲ ಕೇಳಿಸಿತಲ್ಲ, ಏನಂದರು ಎಂದು ನಸೀಮಾ ವಿಚಾರಿಸಿದಳು. ನೀನು ಇಲ್ಲೇ ಇರಬೇಕಂತೆ ಎಂದೆ. ಅವಳು ಗಂಟು ಕಟ್ಟಿದ್ದ ಬಟ್ಟೆಗಳನ್ನು ಬಿಚ್ಚಿದಳು.

ಮರುದಿನ ಸೆಕ್ರೆಟರಿ ಇನ್ನಿಬ್ಬರೊಂದಿಗೆ ಬಂದ. ನಾನು ಒಳಬಾಗಿಲಲ್ಲಿ ನಿಂತಿದ್ದೆ. ಮುಂಬಾಗಿಲಿಗೆ ಹೋಗಲು ಕಾಲು ಬರಲಿಲ್ಲ. ಆಂಟಿ ಹೋದರು. ಬಾಗಿಲನ್ನು ಅರ್ಧವೇ ತೆರೆದು, ಚಿಲಕ ಬಿಡದೆ ನಿಂತರು. "ವೋ ಹಮಾರಾ ಲಡ್ಕಿ ಹೈ" ಎಂದರು ತಮ್ಮ ಹರಕು ಹಿಂದಿಯಲ್ಲಿ. "ಕಿದರ್ ನಹೀ ಜಾಯೇಗಾ. ಪ್ರೇಯರ್ ಹೋ ಗಯಾ ಹೈ."

ಅವಳು ನಮ್ಮ ಹುಡುಗಿಯಂತೆ, ಎಲ್ಲಿಗೂ ಹೋಗುವುದಿಲ್ಲವಂತೆ. ಪ್ರಾರ್ಥನೆ ಆಗಿಹೋಗಿದೆಯಂತೆ, ಇನ್ನು ಬದಲಾಯಿಸಲಾಗದಂತೆ. ಸೆಕ್ರೆಟರಿಗೆ ಅದೇನರ್ಥವಾಯಿತೋ, ಗೊಣಗುತ್ತ ಇಳಿದುಹೋದ. ನಾನು ತಿರಸ್ಕಾರದಿಂದ ಆಡಿದ್ದನ್ನು ಆಕೆ ಭಯದಲ್ಲಿಯೇ ನಡೆಸಿಕೊಟ್ಟರು. ಒಳಬಂದು ನನ್ನತ್ತ ನೋಡದೆ, ಓದಿದವರಿಗೆ ನಾಲಿಗೆ ಉದ್ದ ಎಂದು ಗೋಡೆಗೆ ಹೇಳಿದರು. ಆಕೆಯನ್ನು ಪೂರ್ತಿ ತಿರಸ್ಕರಿಸುವ ಅನುಕೂಲ ಅಂದಿನಿಂದ ನನಗಿಲ್ಲ. ಮೆಚ್ಚಿಕೊಳ್ಳಲು ಆಕೆಯೇ ಬಿಡುವುದಿಲ್ಲ.

ಈಸ್ಟರಿಗೆ ಧಾರವಾಡಕ್ಕೆ ಹೋಗಿದ್ದೆ. ಅಯ್ಯನವರು ಮುಂಬಯಿಯ ಶಾಂತಿಗಾಗಿ ತುಂಬ ಚೆಂದವಾಗಿ ಪ್ರಾರ್ಥಿಸಿದರು. ಅದರಲ್ಲಿ ಯಾರ ಹೆಸರೂ ಇರಲಿಲ್ಲ, ಯಾರೂ ಏನೂ ಮಾಡಬೇಕಾಗಿರಲಿಲ್ಲ. ಅವ್ವ ಪಕ್ಕದಲ್ಲಿ ಕಣ್ಣೊರೆಸಿಕೊಂಡಳು. ಆ ಪ್ರಾರ್ಥನೆಗೆ ಆಮೆನ್ ಎನ್ನಲು ನನಗೆ ಬಾಯಿ ಬರಲಿಲ್ಲ. ಬೊರಿವಲಿಯ ಕೂಟದಲ್ಲಿ ಬಾಯೇನೋ ಬರುತ್ತದೆ. ಮನಸ್ಸು ಇನ್ನೂ ಬಂದಿಲ್ಲ.